ನಾನು ಇಷ್ಟೊಂದು ಓದ್ತೀನಿ, ಮಗಳು ಯಾಕೆ ಪುಸ್ತಕ ಕಂಡ್ರೆ ಅಳ್ತಾಳೆ?

ಪುಟದ_ಗುರುತು

ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ಇದನ್ನ ಕೇಳ್ಬೇಕು ಅಂತ ಬರೆಯೋದು ಅಳಿಸೋದು ಮಾಡ್ತಾ ಇದ್ದೆ, ಇವತ್ತು ಬರೆದೇ ಬಿಡ್ತೀನಿ. ಸ್ವಲ್ಪ ಉದ್ದ ಆಗತ್ತೆ, ಕ್ಷಮಿಸಿ.

ನಂಗೆ ಓದು ಅಂದ್ರೆ ಜೀವ. ಚಿಕ್ಕವಳಿದ್ದಾಗಿಂದ್ಲೂ ಹಾಗೇ, ಎಲ್ಲಿ ಕೂತ್ರೂ ಕೈಯಲ್ಲಿ ಪುಸ್ತಕ. ಮನೇಲಿ ಮೂರು ಗೋಡೆ ತುಂಬ ಪುಸ್ತಕ ಇದೆ. ಮಗಳಿಗೆ ಆರು ತಿಂಗಳಾದಾಗಿಂದ ಮಡಿಲಲ್ಲಿ ಕೂರಿಸ್ಕೊಂಡು ಓದಿ ಹೇಳ್ತಿದ್ದೆ, ಅವಳೂ ಅಷ್ಟೇ ಆಸೆಯಿಂದ ಕೇಳೋಳು, ಮೂರು ವರ್ಷಕ್ಕೇ ಕೆಲವು ಕಥೆ ಪೂರ್ತಿ ಬಾಯಿಪಾಠ, ನಾನು ಒಂದು ಪದ ಹಾರಿಸಿದ್ರೆ "ಹಾಗಲ್ಲ ಅಮ್ಮ" ಅಂತ ತಿದ್ದೋಳು, ಪುಸ್ತಕ ಹಿಡ್ಕೊಂಡು ಪುಟ ತಿರುಗಿಸ್ತಾ ಥೇಟ್ ಓದೋ ತರಾನೇ ಹೇಳೋಳು. ನೋಡಿದವರೆಲ್ಲ ಅಮ್ಮನ ಹಾಗೇ ಆಗ್ತಾಳೆ ಬಿಡು ಅಂತಿದ್ರು. ನಾನೂ ನಂಬಿದ್ದೆ. ನನ್ನ ನೋಡ್ಕೊಂಡೇ ಬೆಳೀತಿದಾಳಲ್ಲ, ಇನ್ನೇನು ಬೇಕು ಅಂತ.

ಈಗ ಅವಳಿಗೆ ಏಳೂವರೆ, ಎರಡನೇ ಕ್ಲಾಸು. ಓದು ಅಂದ್ರೆ ಕಣ್ಣಲ್ಲಿ ನೀರು. ಒಂದೊಂದೇ ಅಕ್ಷರ ಕೂಡಿಸಿ ಕೂಡಿಸಿ ಪದದ ಕೊನೆಗೆ ಬರೋಷ್ಟರಲ್ಲಿ ಪದ ಶುರುವಾಗಿದ್ದು ಎಲ್ಲಿಂದ ಅಂತ ಮರೆತೇ ಹೋಗಿರತ್ತೆ, ಒತ್ತಕ್ಷರ ಬಂದ್ರೆ ಅಲ್ಲಿಗೇ ನಿಂತ್ಬಿಡ್ತಾಳೆ, ಇಲ್ಲಾಂದ್ರೆ ಚಿತ್ರ ನೋಡಿ ಬಾಯಿಗೆ ಬಂದ ಪದ ಹೇಳ್ತಾಳೆ. ಅದೇ ಕಥೆ ನಾನು ಓದಿ ಹೇಳಿದ್ರೆ ಎಲ್ಲಾ ಅರ್ಥ ಆಗತ್ತೆ, ನಂಗೂ ಹೊಳೀದೇ ಇರೋ ಪ್ರಶ್ನೆ ಕೇಳ್ತಾಳೆ. ಕ್ಲಾಸ್ ಟೀಚರ್ ಕರೆದು ಉಳಿದ ಮಕ್ಕಳಿಗಿಂತ ಹಿಂದೆ ಇದಾಳೆ ಅಂದ್ರು. ಹತ್ತಿರದವರೊಬ್ಬರು, ನೀನು ಯಾವಾಗ್ಲೂ ಪುಸ್ತಕದಲ್ಲೇ ಮುಳುಗಿರ್ತೀಯ, ಅದಕ್ಕೇ ಮಗೂಗೆ ಪುಸ್ತಕ ಅಂದ್ರೆ ದ್ವೇಷ ಬಂದಿದೆ ಅಂದ್ರು. ಆ ಮಾತು ಎದೆಯಿಂದ ಇಳೀತಾನೇ ಇಲ್ಲ.

ಇನ್ನೊಂದು ವಿಷ್ಯ ಹೇಳ್ಲೇಬೇಕು. ಸ್ಕೂಲಲ್ಲಿ ಅಕ್ಷರ ಕಲಿಸೋಕೆ ಶುರು ಮಾಡಿದ ಮೇಲೆ ನಾನು ಓದಿ ಹೇಳೋದು ನಿಲ್ಲಿಸ್ದೆ. ಇನ್ಮೇಲೆ ನೀನೇ ಓದ್ಬೇಕು, ನಾನು ಹೇಳ್ತಾ ಇದ್ರೆ ನೀನು ಕಲಿಯಲ್ಲ ಅಂದೆ. ಅವಾಗಿಂದ ರಾತ್ರಿ ನಮ್ಮಿಬ್ಬರ ಮಧ್ಯೆ ಪುಸ್ತಕ ಅಂದ್ರೆ ಜಗಳ.

ನನ್ನ ಪ್ರಶ್ನೆ ಇಷ್ಟೇ. ಅಪ್ಪ ಅಮ್ಮನ ಓದಿನ ಪ್ರೀತಿ ಮಕ್ಕಳಿಗೆ ನಿಜವಾಗ್ಲೂ ಬರತ್ತಾ? ಬರೋದಾದ್ರೆ ಹೇಗೆ ಬರತ್ತೆ? ನಾನು ಎಲ್ಲಿ ತಪ್ಪಿದೆ?

ಮೊದಲ_ಮಳೆ

ಅಕ್ಕ, ಇಷ್ಟು ಚಿಂತೆ ಮಾಡ್ಬೇಡಿ. ನನ್ ಮಗ ಒಂಬತ್ತು ವರ್ಷದವರೆಗೂ ಪುಸ್ತಕ ಮುಟ್ಟಿರ್ಲಿಲ್ಲ, ಒಂದು ರಜೇಲಿ ಏನಾಯ್ತೋ ಏನೋ ಒಂದು ಕಾಮಿಕ್ಸ್ ಹಿಡಿದವನು ಇವತ್ತಿಗೂ ಬಿಟ್ಟಿಲ್ಲ. ಪ್ರತಿ ಮಗೂಗೂ ಅದರದೇ ಟೈಮ್ ಇರತ್ತೆ. ಮನೇಲಿ ಪುಸ್ತಕ ಇದೆ, ಓದೋ ಅಮ್ಮ ಇದಾರೆ, ಕಾಯಿರಿ ಬರತ್ತೆ. ಒತ್ತಾಯ ಒಂದು ಮಾಡ್ಬೇಡಿ ಅಷ್ಟೇ.

ಕರಿಹಲಗೆ

ಹದಿನಾಲ್ಕು ವರ್ಷದಿಂದ ಒಂದನೇ ಎರಡನೇ ಕ್ಲಾಸಿನ ಮಕ್ಕಳಿಗೆ ಓದೋದು ಕಲಿಸ್ತಿದೀನಿ, ಅದಕ್ಕೇ ಮೇಲಿನ ಮಾತಿಗೆ ಸ್ವಲ್ಪ ಅಡ್ಡ ಬರ್ತೀನಿ, ಬೇಜಾರು ಮಾಡ್ಕೋಬೇಡಿ. ಒತ್ತಾಯ ಬೇಡ ಅನ್ನೋದು ಸರಿ. ಸುಮ್ನೆ ಕಾಯಿರಿ ಅನ್ನೋದು ಈ ಮಗೂಗೆ ಸರಿಯಲ್ಲ. ನಿಮ್ಮ ಮಗನಿಗೆ ಓದೋಕೆ ಬರ್ತಿತ್ತು, ಮನಸ್ಸಿರ್ಲಿಲ್ಲ. ಈ ಹುಡುಗಿಗೆ ಮನಸ್ಸು ಬೇಕಾದಷ್ಟಿತ್ತು, ಓದೋಕೆ ಬರ್ತಿಲ್ಲ. ಹೊರಗಿಂದ ನೋಡಿದ್ರೆ ಇಬ್ಬರೂ ಪುಸ್ತಕ ದೂರ ತಳ್ತಾರೆ, ಒಳಗಿನ ಕಾರಣ ಪೂರ್ತಿ ಬೇರೆ.

ಮೇಡಂ, ಓದು ಅನ್ನೋ ಒಂದೇ ಮಾತಲ್ಲಿ ನಾವು ಎರಡು ಕೆಲಸ ಸೇರಿಸಿಬಿಟ್ಟಿದೀವಿ. ಕಾಗದದ ಮೇಲಿನ ಗುರುತನ್ನ ಸದ್ದು ಮಾಡ್ಕೊಳೋದು ಒಂದು ಕೆಲಸ, ಆ ಮಾತಿನ ಅರ್ಥ ಹಿಡಿಯೋದು ಇನ್ನೊಂದು. 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನೋ ಇಬ್ಬರು ಇದನ್ನ ಗುಣಾಕಾರದ ತರ ಬರೆದು ತೋರಿಸಿದ್ರು, ಕೂಡೋ ಲೆಕ್ಕ ಅಲ್ಲ ಗುಣಿಸೋ ಲೆಕ್ಕ, ಅಂದ್ರೆ ಒಂದು ಕಡೆ ಸೊನ್ನೆ ಇದ್ರೆ ಇನ್ನೊಂದು ಕಡೆ ಎಷ್ಟೇ ದೊಡ್ಡ ಸಂಖ್ಯೆ ಇದ್ರೂ ಉತ್ತರ ಸೊನ್ನೆನೇ. ನೀವು ಆರು ವರ್ಷ ಮಡಿಲಲ್ಲಿ ಕೂರಿಸ್ಕೊಂಡು ಕಟ್ಟಿದ್ದು ಎರಡನೇದನ್ನ. ಅದು ಎಷ್ಟು ಗಟ್ಟಿಯಾಗಿದೆ ಅಂತ ನೀವೇ ಬರೆದಿದೀರ, ಓದಿ ಹೇಳಿದ್ರೆ ಎಲ್ಲಾ ಅರ್ಥ ಆಗತ್ತೆ ಅಂತ. ಮೊದಲನೇದನ್ನ ಮಾತ್ರ ಯಾರೂ ಸರಿಯಾಗಿ ಕೈಹಿಡಿದು ಕಲಿಸಿಲ್ಲ ಅನ್ಸತ್ತೆ, ನೋಡ್ತಾ ನೋಡ್ತಾ ಬಂದ್ಬಿಡತ್ತೆ ಅಂತ ಬಿಟ್ಟಿರಬಹುದು.

ನೋಡ್ತಾ ನೋಡ್ತಾ ಅದು ಬರಲ್ಲ. ಕಥೆ ಓದಿ ಹೇಳುವಾಗ ಚಿಕ್ಕ ಮಕ್ಕಳ ಕಣ್ಣು ಎಲ್ಲಿರತ್ತೆ ಅಂತ ಕಣ್ಣಿನ ಚಲನೆ ಹಿಡಿಯೋ ಯಂತ್ರ ಇಟ್ಟು ನೋಡಿದಾರೆ, ಇವಾನ್ಸ್ ಮತ್ತು ಸೇಂಟ್-ಓಬಿನ್ ಅನ್ನೋರು 2005ರಲ್ಲಿ ಪ್ರಕಟಿಸಿದ್ದು. ಮಕ್ಕಳ ಕಣ್ಣು ಹೆಚ್ಚುಕಮ್ಮಿ ಪೂರ್ತಿ ಚಿತ್ರದ ಮೇಲೇ, ಅಕ್ಷರದ ಕಡೆ ಹೋಗೋದೇ ಅಪರೂಪ. ಹಾಗಾಗಿ ಸಾವಿರ ಕಥೆ ಕೇಳಿದ ಮಗೂಗೂ ಅಕ್ಷರದ ಪರಿಚಯ ಇಲ್ದೇ ಇರಬಹುದು. ಕೆನಡಾದಲ್ಲಿ ಸೆನೆಶಾಲ್ ಮತ್ತು ಲೆಫೆವ್ರ್ ಐದು ವರ್ಷ ಮಕ್ಕಳ ಹಿಂದೆ ಬಿದ್ದು 2002ರಲ್ಲಿ ಬರೆದಿದ್ದೂ ಇದೇ. ಕಥೆಪುಸ್ತಕ ಜಾಸ್ತಿ ಕೇಳಿದ ಮಕ್ಕಳಿಗೆ ಪದಗಳು ಜಾಸ್ತಿ ಗೊತ್ತಿತ್ತು, ಕೇಳಿ ತಿಳ್ಕೊಳೋದು ಚೆನ್ನಾಗಿತ್ತು. ಅಕ್ಷರ ಚೆನ್ನಾಗಿ ಬರ್ತಿದ್ದಿದ್ದು ಅಪ್ಪ ಅಮ್ಮ ಕೂತು ಅಕ್ಷರ ಹೇಳಿಕೊಟ್ಟ ಮಕ್ಕಳಿಗೆ. ಕಥೆ ಓದೋ ಮನೆ ಅಂದಮಾತ್ರಕ್ಕೆ ಅಕ್ಷರ ಕಲಿಸೋ ಮನೆ ಆಗಿರ್ಲಿಲ್ಲ. ಆದ್ರೆ ಮುಂದೆ ನೋಡಿ, ಮೂರನೇ ಕ್ಲಾಸಿನ ಹೊತ್ತಿಗೆ, ಪಾಠಗಳು ಉದ್ದ ಆಗಿ ಅರ್ಥ ಹಿಡಿಯೋದೇ ದೊಡ್ಡ ಕೆಲಸ ಆದಾಗ, ಆ ಕಥೆ ಕೇಳಿದ್ದರ ಫಲ ಓದಲ್ಲಿ ಕಾಣೋಕೆ ಶುರುವಾಯ್ತು. ನೀವು ಹಾಕಿದ್ದು ಎಲ್ಲೂ ಹೋಗಿಲ್ಲ, ಅದರ ಕಾಲ ಮುಂದಿದೆ.

ನಮ್ಮ ಲಿಪಿದೂ ಒಂದು ಮಾತು. ಇಂಗ್ಲಿಷಿಗೆ 26 ಅಕ್ಷರ, ನಮ್ಮದು ವರ್ಣಮಾಲೆಗೆ ಮುಗಿಯಲ್ಲ, ಪ್ರತಿ ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ, ಮಗು ಕಣ್ಣಿಗೆ ನೂರಾರು ಬೇರೆ ಬೇರೆ ಆಕಾರ. ಸೊನಾಲಿ ನಾಗ್ ಅವರು ಕನ್ನಡ ಕಲಿಯೋ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಕ್ಷರ ಪೂರ್ತಿ ಕೈಗೆ ಹತ್ತೋಕೆ ಪ್ರೈಮರಿಯ ಹಲವು ವರ್ಷ ಹಿಡಿಯತ್ತೆ ಅಂತಾನೇ ಇದೆ. ಎರಡನೇ ಕ್ಲಾಸಲ್ಲಿ ಒತ್ತಿಗೆ ಎಡವೋದು ವಿಚಿತ್ರ ಏನಲ್ಲ. ಸರಳ ಕಾಗುಣಿತದ ಪದಾನೂ ಕೂಡಿಸೋಕೆ ಆಗ್ತಿಲ್ಲ ಅಂದ್ರೆ ಮಾತ್ರ ಗಮನ ಕೊಡ್ಬೇಕು.

ಮನೇಲೇ ನೋಡೋಕೆ ಒಂದು ದಾರಿ ಇದೆ. ಅರ್ಥ ಇಲ್ಲದ ಪದ ನಾಲ್ಕೈದು ಬರೆದು ಕೊಡಿ, ಟಿಮೋಳ, ಗಸುಪಿ, ಬೇನುರೆ, ಈ ತರ. ಇವಕ್ಕೆ ಚಿತ್ರ ಇಲ್ಲ, ಬಾಯಿಪಾಠ ಇಲ್ಲ, ಊಹೆಗೆ ಜಾಗ ಇಲ್ಲ. ಎಲ್ಲಿ ಸಿಕ್ಕಿಹಾಕ್ಕೋತಾಳೆ ಅಂತ ತಾನಾಗೇ ಗೊತ್ತಾಗತ್ತೆ. ಜೊತೆಗೆ ಕಣ್ಣು ಕಿವಿ ಒಂದ್ಸಲ ಡಾಕ್ಟರ್ ಹತ್ರ ತೋರಿಸಿಬಿಡಿ. ಮನೆ ಕಡೆ ಯಾರಿಗಾದ್ರೂ ಚಿಕ್ಕವರಿದ್ದಾಗ ಓದು ಕಷ್ಟ ಆಗಿತ್ತಾ ಅಂತಾನೂ ಕೇಳಿ, ಡಿಸ್ಲೆಕ್ಸಿಯಾ, ಅಂದ್ರೆ ಅಕ್ಷರ ಗುರುತಿಸಿ ಓದೋದೇ ಕಷ್ಟ ಆಗೋ ತೊಂದರೆ, ವಂಶದಲ್ಲಿ ಹರಿಯತ್ತೆ, ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ.

ಕಾಯಬೇಡಿ ಅಂತ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಓದು ಸುಲಭ ಆದ ಮಗು ಜಾಸ್ತಿ ಓದತ್ತೆ, ಜಾಸ್ತಿ ಓದಿದ್ದಕ್ಕೆ ಇನ್ನೂ ಸುಲಭ ಆಗತ್ತೆ, ಕಷ್ಟ ಆದ ಮಗು ತಪ್ಪಿಸ್ಕೊಳತ್ತೆ, ತಪ್ಪಿಸ್ಕೊಂಡಷ್ಟೂ ಹಿಂದೆ ಬೀಳತ್ತೆ. ಕೀತ್ ಸ್ಟಾನೊವಿಚ್ ಇದನ್ನ 1986ರಲ್ಲೇ ಬರೆದಿದ್ರು. ನಾನು ಅದನ್ನ ಪ್ರತಿ ವರ್ಷ ಕ್ಲಾಸಲ್ಲಿ ಕಣ್ಣಾರೆ ನೋಡ್ತೀನಿ. ಜೂನ್‌ನಲ್ಲಿ ಬೆರಳಗಲ ಇದ್ದ ಅಂತರ ಮಾರ್ಚ್ ಹೊತ್ತಿಗೆ ಮೊಳ ಆಗಿರತ್ತೆ.

ಮತ್ತೆ, ದಯವಿಟ್ಟು ಇವತ್ತು ರಾತ್ರಿಯಿಂದ್ಲೇ ಮತ್ತೆ ಓದಿ ಹೇಳೋಕೆ ಶುರು ಮಾಡಿ.

ಹಿತ್ತಲ_ದೀಪ

ನಾನು ಬೇರೆ ಕಡೆಯಿಂದ ಬಂದವನು, ಅದಕ್ಕೇ ಬರೀತಿದೀನಿ. ನನ್ನ ಅಮ್ಮನಿಗೆ ಓದೋಕೆ ಬರ್ತಿರ್ಲಿಲ್ಲ. ಸಹಿ ಜಾಗದಲ್ಲಿ ಹೆಬ್ಬೆಟ್ಟು. ಮನೇಲಿ ಪುಸ್ತಕ ಅಂದ್ರೆ ನನ್ನ ಸ್ಕೂಲ್ ಪುಸ್ತಕ ಅಷ್ಟೇ. ಆದ್ರೆ ನಾನು ಇವತ್ತು ಓದೋ ಮನುಷ್ಯ ಆಗಿದ್ರೆ ಅದು ಅವಳಿಂದ್ಲೇ.

ಅವಳು ಕೆಲಸ ಮಾಡ್ತಾ ಇರುವಾಗ ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹಳೇ ಪೇಪರ್ ಕೈಗೆ ಕೊಡೋಳು, ಸಾಮಾನು ಕಟ್ಟಿಕೊಟ್ಟ ಪೇಪರ್ ಆದ್ರೂ ಸರಿ, ಓದು ನೋಡೋಣ ಏನಿದೆ ಅನ್ನೋಳು. ನಾನು ತಡವರಿಸಿದ್ರೆ ಒಂದು ದಿನಾನೂ ಗದರಿಸ್ಲಿಲ್ಲ, ಗದರಿಸೋಕೆ ಅವಳಿಗೆ ಸರಿ ಯಾವುದು ತಪ್ಪು ಯಾವುದು ಗೊತ್ತಿದ್ರೆ ತಾನೇ. ಅವಳಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಆ ಕಾಗದದಲ್ಲಿ ಏನಿದೆ ಅಂತ, ನಾನು ಹೇಳಿದ್ರೇನೇ ತಿಳಿಯೋದು. "ಆಮೇಲೆ?" ಅನ್ನೋಳು. "ಹಾಗ್ಯಾಕೆ ಮಾಡಿದ ಅವನು?" ಅನ್ನೋಳು. ಪೇಪರ್ ಹರಿದು ಸುದ್ದಿ ಅರ್ಧಕ್ಕೆ ನಿಂತಿದ್ರೆ ಮುಂದೇನಾಗಿರಬಹುದು ಅಂತ ನಾವಿಬ್ರೂ ಕೂತು ಕಟ್ಟೋದು. ಏಳೆಂಟು ವರ್ಷದ ಹುಡುಗನಿಗೆ, ತಾನು ಓದಿದ್ದು ಒಬ್ಬರಿಗೆ ಬೇಕು, ತನಗೆ ಮಾತ್ರ ಆ ಬೀಗ ತೆಗೆಯೋಕೆ ಬರತ್ತೆ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಈಗ ಅರ್ಥ ಆಗತ್ತೆ.

ಅವಳಿಗಿದ್ದಿದ್ದು ಓದಿನ ಪ್ರೀತಿ ಅಲ್ದೆ ಇನ್ನೇನು? ಅಕ್ಷರ ಬರದೇ ಇದ್ರೂ ಅದಿತ್ತು. ಅದು ನಂಗೆ ಬಂದಿದ್ದು ಅವಳು ಓದೋದನ್ನ ನೋಡಿ ಅಲ್ಲ, ನಾನು ಓದೋದನ್ನ ಅವಳು ಕಾದು ಕೇಳಿದ್ದರಿಂದ.

ಪುಟದ ಗುರುತು ಅವರೇ, ತಪ್ಪು ತಿಳ್ಕೋಬೇಡಿ, ನೀವು ಬರೆದಿದ್ದರಲ್ಲಿ ನೀವು ಓದ್ತೀರ, ಮಗಳಿಗೂ ನೀವೇ ಓದಿ ಹೇಳ್ತಿದ್ರಿ, ಎಲ್ಲಾ ನಿಮಗೇ ಬರತ್ತೆ. ಅವಳು ಓದಿ ನಿಮಗೆ ಏನಾದ್ರೂ ಹೊಸದು ತಿಳಿದಿದ್ದು ಯಾವಾಗಾದ್ರೂ ಇದೆಯಾ?

ಅಂಕಿಅಂಶ_ಓದುಗ

ನನ್ನ ಕೆಲಸವೇ ಇಂಥ ಅಧ್ಯಯನಗಳನ್ನ ಜರಡಿ ಹಿಡಿಯೋದು, ಅದಕ್ಕೇ ನೀವು ಕೇಳಿದ ಮೊದಲ ಪ್ರಶ್ನೆಗೆ, ನಿಜವಾಗ್ಲೂ ಬರತ್ತಾ ಅನ್ನೋದಕ್ಕೆ, ಗೊತ್ತಿರೋಷ್ಟು ಹೇಳ್ತೀನಿ.

ಸಂಬಂಧ ಇದೆ, ಅದರಲ್ಲಿ ಎರಡು ಮಾತಿಲ್ಲ. ಪರ್ಲ್ಸ್ ಅಂತ ಒಂದು ಅಂತಾರಾಷ್ಟ್ರೀಯ ಪರೀಕ್ಷೆ ಇದೆ, 2001ರಿಂದ ಐದು ವರ್ಷಕ್ಕೊಮ್ಮೆ ನಾಲ್ಕನೇ ಕ್ಲಾಸಿನ ಮಕ್ಕಳ ಓದನ್ನ ಅಳೀತಾರೆ, ಅದರಲ್ಲಿ ಅಪ್ಪ ಅಮ್ಮನಿಗೂ ನಿಮಗೆ ಓದು ಎಷ್ಟು ಇಷ್ಟ ಅಂತ ಕೇಳ್ತಾರೆ. ಓದು ತುಂಬ ಇಷ್ಟ ಅಂದವರ ಮಕ್ಕಳ ಸರಾಸರಿ ಅಂಕ ಪ್ರತಿ ಸಲಾನೂ ಮೇಲೆ. 2010ರಲ್ಲಿ 27 ದೇಶಗಳ ಮಾಹಿತಿ ಇಟ್ಕೊಂಡು ಮಾಡಿದ ಇನ್ನೊಂದು ಅಧ್ಯಯನ ಬಂತು, ಸುಮಾರು 500 ಪುಸ್ತಕ ಇದ್ದ ಮನೇಲಿ ಬೆಳೆದವರು ಪುಸ್ತಕವೇ ಇಲ್ಲದ ಮನೇಲಿ ಬೆಳೆದವರಿಗಿಂತ ಶಾಲೆ ಕಾಲೇಜಲ್ಲಿ ಸರಾಸರಿ 3.2 ವರ್ಷ ಜಾಸ್ತಿ ಓದಿದ್ರು, ಅಪ್ಪ ಅಮ್ಮನ ವಿದ್ಯೆ ಉದ್ಯೋಗದ ಲೆಕ್ಕ ತೆಗೆದು ನೋಡಿದ ಮೇಲೂ. 

ಇದನ್ನ ಓದಿದವರು ಪುಸ್ತಕ ತಂದು ತುಂಬಿಸಿದ್ರೆ ಮಕ್ಕಳು ಜಾಣರಾಗ್ತಾರೆ ಅಂತ ಅಂದ್ಕೋತಾರೆ. ಅಲ್ಲೇ ತೊಡಕಿರೋದು. ಓದು ಸುಲಭವಾಗಿ ಬಂದ ಅಪ್ಪ ಅಮ್ಮನೇ ಓದನ್ನ ಪ್ರೀತಿಸ್ತಾರೆ, ಅವರೇ ಮನೆಗೆ ಪುಸ್ತಕ ತರ್ತಾರೆ, ಅವರ ಜೀನ್ಸೇ ಮಕ್ಕಳಿಗೆ ಹೋಗತ್ತೆ. ಮನೆಯ ವಾತಾವರಣ ಎಷ್ಟು, ರಕ್ತದಲ್ಲಿ ಬಂದಿದ್ದು ಎಷ್ಟು ಅಂತ ಬಿಡಿಸೋದು ಬಹಳ ಕಷ್ಟ. ಎಲ್ಸಿಯೆ ವಾನ್ ಬರ್ಗನ್ ಮತ್ತು ಜೊತೆಗಾರರು 2017ರಲ್ಲಿ ಒಂದು ಒಳ್ಳೇ ಉಪಾಯ ಮಾಡಿದ್ರು, ಅಪ್ಪ ಅಮ್ಮ ಎಷ್ಟು ಸರಾಗವಾಗಿ ಓದ್ತಾರೆ ಅನ್ನೋದನ್ನೂ ಅಳೆದು ಲೆಕ್ಕದಲ್ಲಿ ಇಟ್ರು. ಅದನ್ನ ಇಟ್ಟ ತಕ್ಷಣ ಮನೆಯ ವಾತಾವರಣದ ಎಷ್ಟೋ ಅಂಶಗಳ ಪ್ರಭಾವ ಕರಗಿಹೋಯ್ತು, ಉಳಿದಿದ್ದು ಮನೇಲಿ ಎಷ್ಟು ಪುಸ್ತಕ ಇದೆ ಅನ್ನೋದು ಒಂದೇ. 

ಇದನ್ನ ಯಾಕೆ ಹೇಳಿದೆ ಅಂದ್ರೆ, ನಿಮಗೆ ಆ ಹತ್ತಿರದವರು ಅಂದ ಮಾತಿಗೆ ಯಾವ ಆಧಾರಾನೂ ಇಲ್ಲ. ಅಮ್ಮ ಓದ್ತಾಳೆ ಅಂತ ಮಗೂಗೆ ಅಕ್ಷರ ತೊಡಕಾಗಲ್ಲ. ಚೆನ್ನಾಗಿ ಓದೋ ಅಪ್ಪ ಅಮ್ಮನಿಗೂ ಓದು ಕಷ್ಟ ಆಗೋ ಮಗು ಹುಟ್ಟತ್ತೆ, ಸರಾಸರಿ ಅನ್ನೋದು ಗುಂಪಿನ ಬಗ್ಗೆ ಹೇಳತ್ತೆ, ನಿಮ್ಮ ಮಡಿಲಲ್ಲಿರೋ ಒಂದು ಮಗು ಬಗ್ಗೆ ಅಲ್ಲ. ನಿಮ್ಮನ್ನ ನೀವು ಈ ವಿಷಯಕ್ಕೆ ಹಳಿಯೋದು ಇವತ್ತಿಗೆ ಬಿಟ್ಬಿಡಿ.

ಕರಿಹಲಗೆ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮೋಲ್ ಮತ್ತು ಬುಸ್ 2011ರಲ್ಲಿ 99 ಅಧ್ಯಯನ ಒಟ್ಟು ಹಾಕಿ ನೋಡಿದ್ರು. ಭಾಷೆಯ ಸಾಮರ್ಥ್ಯದಲ್ಲಿ ಮಕ್ಕಳ ನಡುವೆ ಇರೋ ವ್ಯತ್ಯಾಸದಲ್ಲಿ ಪುಸ್ತಕದ ಒಡನಾಟಕ್ಕೆ ನಂಟಿರೋ ಪಾಲು ಶಾಲೆಗೆ ಮುಂಚಿನ ವಯಸ್ಸಲ್ಲಿ ಶೇ. 12 ಇದ್ದಿದ್ದು, ಕಾಲೇಜಿನ ಹೊತ್ತಿಗೆ ಶೇ. 34 ಆಗಿತ್ತು. ವಯಸ್ಸಾದಂತೆ ಬೆಳೀತಾ ಹೋಗೋ ನಂಟು ಇದು. ಏಳೂವರೆ ವರ್ಷಕ್ಕೆ ಎಲ್ಲಾ ತೀರ್ಮಾನ ಆಗೋಗಿದೆ ಅನ್ನೋ ಭಯ ಬೇಡ.

ಪುಟದ_ಗುರುತು

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಎರಡು ಮೂರು ಸಲ ಓದ್ದೆ.

ಆ ಅರ್ಥ ಇಲ್ಲದ ಪದಗಳನ್ನ ಕೊಟ್ಟು ನೋಡ್ದೆ. ಆಟದ ತರ, ಬೇರೆ ಗ್ರಹದವರ ಹೆಸರು ಓದು ಅಂತ. ಮೂರಕ್ಷರದ ಸರಳ ಪದ ನಿಧಾನಕ್ಕೆ ಬರತ್ತೆ, ಏತ್ವ ಓತ್ವ ಬಂದಾಗ ಎಡವಟ್ಟು, ಕೊಂಬು ಒಂದ್ಸಲ ಕಾಣತ್ತೆ ಒಂದ್ಸಲ ಕಾಣಲ್ಲ, ಒತ್ತಕ್ಷರ ಇರೋ ಪದ ಒಂದೂ ಬರ್ಲಿಲ್ಲ. ಅಂದ್ರೆ ಇಷ್ಟು ದಿನ ಅವಳು ಓದ್ತಿದ್ದಿದ್ದರಲ್ಲಿ ಅರ್ಧಕ್ಕರ್ಧ ಊಹೆ. ನಂಗೆ ಅದು ಗೊತ್ತೇ ಆಗಿರ್ಲಿಲ್ಲ, ಇಷ್ಟು ಓದೋ ನಂಗೆ. ನಾನು ಅಕ್ಷರ ಹೇಗೆ ಕಲಿತೆ ಅನ್ನೋ ನೆನಪೇ ನಂಗಿಲ್ಲ, ಯಾವಾಗ್ಲೋ ಬಂದ್ಬಿಟ್ಟಿತ್ತು, ಅದಕ್ಕೇ ಅವಳಿಗೂ ಹಾಗೇ ಬರತ್ತೆ ಅಂದ್ಕೊಂಡೆ ಅನ್ಸತ್ತೆ.

ಇವರ ಮನೆ ಕಡೆ ಕೇಳ್ದೆ. ಅವರ ತಮ್ಮನಿಗೆ ಹೈಸ್ಕೂಲ್‌ವರೆಗೂ ಓದು ಬಹಳ ಕಷ್ಟ ಆಗಿತ್ತಂತೆ, ದಡ್ಡ ಅಂತ ಸ್ಕೂಲ್ ಬಿಡಿಸಿದ್ರಂತೆ. ಈ ಮನೇಲಿ ಇಷ್ಟು ವರ್ಷ ಯಾರೂ ಅದನ್ನ ನಂಗೆ ಹೇಳಿರ್ಲಿಲ್ಲ.

ನಿನ್ನೆ ರಾತ್ರಿ ಓದಿ ಹೇಳೋಕೆ ಮತ್ತೆ ಶುರು ಮಾಡಿದೆ. ಮೊದಲು ಅವಳು ನಂಬ್ಲಿಲ್ಲ, ಆಮೇಲೆ ನಾನು ಓದ್ಬೇಕಾ ಅಂತ ಕೇಳಿದ್ಲು, ಬೇಡ ಅಂದಾಗ ಹತ್ತಿರ ಬಂದು ಒರಗಿದ್ಲು. ಸ್ವಲ್ಪ ಹೊತ್ತಾದ ಮೇಲೆ ಹೇಳಿದ್ಲು, "ಅಮ್ಮ ನೀನು ನಿನ್ ಪುಸ್ತಕ ಓದುವಾಗ ನಾನು ಕರೆದ್ರೆ ನಿಂಗೆ ಕೇಳ್ಸಲ್ಲ". ಹಿತ್ತಲ ದೀಪ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಹುಡುಕ್ತಾ ಇದ್ದೆ, ಅವಳೇ ಕೊಟ್ಲು.

ಇನ್ನೊಂದು ಸಂದೇಹ. ಪುಟಕ್ಕೆ ಒಂದು ಸ್ಟಿಕರ್, ಹತ್ತು ಸ್ಟಿಕರ್ ಆದ್ರೆ ಗಿಫ್ಟ್ ಅಂತ ಮಾಡಿ ಅಂತಾರೆ. ಮಾಡ್ಲಾ?

ಎರಡು_ಮಕ್ಕಳ_ತಂದೆ

ಸ್ಟಿಕರ್ ನಾನು ಮಾಡಿ ನೋಡಿ ಕೈಸುಟ್ಕೊಂಡಿದೀನಿ ಮೇಡಂ. ದೊಡ್ಡವಳು ಗಿಫ್ಟ್ ಆಸೆಗೆ ಅತಿ ತೆಳು ಪುಸ್ತಕ ಆರಿಸಿ ಆರಿಸಿ ಓದಿದ್ಲು, ಗಿಫ್ಟ್ ನಿಂತ ದಿನ ಓದೂ ನಿಂತ್ಹೋಯ್ತು. ಆಮೇಲೆ ತಿಳೀತು, ಇದನ್ನ 1973ರಲ್ಲೇ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋರು ಚಿತ್ರ ಬರೆಯೋ ಮಕ್ಕಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ರಂತೆ, ಬರೆದ್ರೆ ಬಹುಮಾನ ಅಂತ ಮೊದಲೇ ಹೇಳಿ ಕೊಟ್ಟ ಮಕ್ಕಳು ಆಮೇಲೆ ಚಿತ್ರ ಬರೆಯೋದನ್ನೇ ಕಮ್ಮಿ ಮಾಡಿದ್ರು, ಹೇಳದೇ ಕೊಟ್ಟ ಮಕ್ಕಳಿಗೆ ಏನೂ ಆಗ್ಲಿಲ್ಲ. ನಿಮ್ಮ ಮಗಳಿಗೆ ಕಥೆ ಮೊದಲೇ ಇಷ್ಟ. ಇಷ್ಟ ಇರೋದಕ್ಕೆ ಕೂಲಿ ಕೊಟ್ರೆ ಅದು ಕೂಲಿ ಕೆಲಸ ಆಗೋಗತ್ತೆ. ಕಾಗುಣಿತದ ಅಭ್ಯಾಸಕ್ಕೆ ಬೇಕಾದ್ರೆ ಸ್ಟಿಕರ್ ಇರ್ಲಿ, ಅದು ಹೇಗೂ ಬೇಜಾರಿನ ಕೆಲಸ, ಕಥೆಗೆ ಮಾತ್ರ ಬೇಡ.

ಮಗಳು ಕರೆದ್ರೆ ನಿಮಗೆ ಕೇಳ್ಸಲ್ಲ ಅಂದಳಲ್ಲ, ಆ ಮಾತು ನನ್ನನ್ನೂ ತಟ್ಟಿತು. ನಾನು ಎಲ್ಲಾ ಫೋನಲ್ಲೇ ಓದ್ತೀನಿ. ನಾನು ಓದ್ತಿದೀನೋ, ಮೆಸೇಜ್ ಮಾಡ್ತಿದೀನೋ, ವಿಡಿಯೋ ನೋಡ್ತಿದೀನೋ ಮಕ್ಕಳಿಗೆ ಹೇಗೆ ಗೊತ್ತಾಗ್ಬೇಕು? ಅವರ ಕಣ್ಣಿಗೆ ಅಪ್ಪ ಫೋನ್ ನೋಡ್ತಿದಾನೆ ಅಷ್ಟೇ. ನಾವು ಮಾದರಿ ಅಂತ ಅಂದ್ಕೋತೀವಿ, ಅವರಿಗೆ ಕಾಣೋದು ಮುಚ್ಚಿದ ಬಾಗಿಲು. ಪುಸ್ತಕ ಆದ್ರೂ ಅಷ್ಟೇ, ಮೌನವಾಗಿ ಓದೋ ಅಮ್ಮನ ತಲೆಯೊಳಗೆ ಎಷ್ಟು ಗದ್ದಲ ನಡೀತಿದೆ ಅಂತ ಮಗೂಗೆ ಕಾಣಲ್ಲ.

ನಾನು ಮಾಡಿದ್ದು ಬಹಳ ಸಣ್ಣ ಬದಲಾವಣೆ. ಓದ್ತಾ ಓದ್ತಾ ನಗು ಬಂದ್ರೆ ಯಾಕೆ ನಕ್ಕೆ ಅಂತ ಮಕ್ಕಳಿಗೆ ಹೇಳ್ತೀನಿ. ಒಂದು ಸಾಲು ಜೋರಾಗಿ ಓದ್ತೀನಿ. ಗೊತ್ತಿಲ್ಲದ ಪದ ಬಂದ್ರೆ ಅಯ್ಯೋ ಇದೇನಿದು ಅಂತ ಅವರ ಮುಂದೇನೇ ನಿಘಂಟು ತೆಗೀತೀನಿ. ಈ ಪುಸ್ತಕ ಬೋರು ಅಂತ ಅರ್ಧಕ್ಕೆ ಬಿಟ್ರೆ ಅದನ್ನೂ ಹೇಳ್ತೀನಿ. ಚಿಕ್ಕವನು ಈಗ ಬಂದು, ಅಪ್ಪ ಆ ಮನುಷ್ಯ ಮನೆ ಸೇರಿದ್ನಾ ಅಂತ ನನ್ನ ಪುಸ್ತಕದ ಕಥೆ ವಿಚಾರಿಸ್ತಾನೆ.

ಅವರಿಗೆ ಓದಿ ಹೇಳುವಾಗ್ಲೂ ನಾನು ಮೊದಲೆಲ್ಲ ಶುರು ಮಾಡಿದ್ರೆ ಮುಗಿಯೋವರೆಗೂ ನಿಲ್ಲಿಸ್ತಿರ್ಲಿಲ್ಲ, ಮಧ್ಯೆ ಮಾತಾಡಿದ್ರೆ ಸುಮ್ನಿರು ಕೇಳು ಅಂತಿದ್ದೆ. ಅದು ತಪ್ಪಂತೆ. ವೈಟ್‌ಹರ್ಸ್ಟ್ ಅನ್ನೋರು ಮತ್ತು ಜೊತೆಗಾರರು 1988ರಲ್ಲೇ ತೋರಿಸಿದಾರೆ, ಅಪ್ಪ ಅಮ್ಮ ಬರೀ ಓದೋ ಬದಲು ನಿಲ್ಲಿಸಿ ಕೇಳಿ, ಮಗು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸಿ ಹಿಂದಿರುಗಿಸಿದ್ರೆ ಒಂದೇ ತಿಂಗಳಲ್ಲಿ ಪುಟ್ಟ ಮಕ್ಕಳ ಮಾತಿನ ಮಟ್ಟ ಮುಂದೆ ಹೋಯ್ತು ಅಂತ. ಹಿತ್ತಲ ದೀಪ ಅವರ ಅಮ್ಮ ಯಾರೂ ಹೇಳಿಕೊಡದೇ ಮಾಡಿದ್ದು ಅದನ್ನೇ ಅಲ್ವಾ. "ಆಮೇಲೆ?" "ಹಾಗ್ಯಾಕೆ?" ನಂಗೆ ಅದನ್ನ ಓದಿ ಗಂಟಲು ಕಟ್ಟಿತು.

ಹಾಂ, ಅದೇ ಕಥೆ ನೂರು ಸಲ ಕೇಳಿದ್ರೂ ಬೇಡ ಅನ್ಬೇಡಿ. ಕಾಮಿಕ್ಸನ್ನೂ ಕೀಳಾಗಿ ನೋಡ್ಬೇಡಿ. ಓದುಗ ಅಪ್ಪ ಅಮ್ಮಂದ್ರಿಗೆ ಇದೊಂದು ಚಟ, ನಮಗೆ ಇಷ್ಟ ಆದ ಪುಸ್ತಕಾನೇ ಮಕ್ಕಳಿಗೂ ಇಷ್ಟ ಆಗ್ಬೇಕು ಅಂತ.

ಕರಿಹಲಗೆ

ನೀವು ಬರೆದಿದ್ದು ನೋಡಿದ್ರೆ ಚಿತ್ರ ಸ್ಪಷ್ಟ ಆಯ್ತು ಮೇಡಂ. ಚಿಕ್ಕಪ್ಪನ ವಿಷಯ ಮುಖ್ಯ, ಅದನ್ನ ಹೇಳಿ ವಿಶೇಷ ಶಿಕ್ಷಕರ ಹತ್ರ ಒಂದ್ಸಲ ಪರೀಕ್ಷೆ ಮಾಡಿಸಿ. ಹೆಸರು ಏನೇ ಬರ್ಲಿ, ಕಲಿಸೋ ದಾರಿ ಬದಲಾಗತ್ತೆ, ಮಗು ಬದಲಾಗಲ್ಲ.

ಅಲ್ಲಿವರೆಗೆ ದಿನಕ್ಕೆ ಹತ್ತು ನಿಮಿಷ ಅಕ್ಷರದ ಕೆಲಸ, ಹಗಲು ಹೊತ್ತಲ್ಲಿ, ರಾತ್ರಿ ಕಥೆ ಸಮಯಕ್ಕೆ ಅದನ್ನ ತರ್ಲೇಬೇಡಿ. ಒಂದು ವಾರಕ್ಕೆ ಒಂದೇ ಗುಣಿತ ಹಿಡಿರಿ. ಓತ್ವ ಅಂದ್ರೆ ಓತ್ವ ಮಾತ್ರ, ಮೊದಲು ಕಿವಿಗೆ, ಕೋ ತೋ ಮೋ ಅಂತ ಸದ್ದಲ್ಲಿ ಗುರುತಿಸ್ಲಿ, ಆಮೇಲೆ ಕಣ್ಣಿಗೆ, ಆಮೇಲೆ ಅವಳೇ ಬರೀಲಿ. ಬರೆಯೋದು ಬಿಡ್ಬೇಡಿ, ಕೈಯಲ್ಲಿ ಬಂದಿದ್ದು ಕಣ್ಣಿಗೆ ಬೇಗ ಸಿಗತ್ತೆ. ಸಜಾತಿ ಒತ್ತಿಂದ ಶುರು ಮಾಡಿ, ಅಕ್ಕ ಅಪ್ಪ ಬೆಕ್ಕು ಹಲ್ಲು ಅಂಥವು, ವಿಜಾತಿ ಒತ್ತು ಆಮೇಲೆ. ಮಾತಲ್ಲಿ ಗೊತ್ತಿರೋ ಪದಗಳನ್ನೇ ತಗೊಳ್ಳಿ, ನಿಮ್ಮ ಮಗಳಿಗೆ ಮಾತಿನ ಬಂಡವಾಳ ಜಾಸ್ತಿ, ಅದು ಇಲ್ಲಿ ಅವಳ ಸಹಾಯಕ್ಕೆ ಬರತ್ತೆ.

ರಾತ್ರಿ ಓದುವಾಗ ಬೇಕಾದ್ರೆ ಇಬ್ರೂ ಒಟ್ಟಿಗೆ ದನಿ ಸೇರಿಸಿ ಓದಿ, ನಿಮ್ಮ ಬೆರಳು ಸಾಲಿನ ಕೆಳಗೆ ಓಡ್ತಾ ಇರ್ಲಿ. ಅವಳು ನಿಮ್ಮ ಕೈ ತಟ್ಟಿದ್ರೆ ನೀವು ಸುಮ್ನಾಗಿ, ಒಬ್ಬಳೇ ಓದ್ಲಿ. ತಪ್ಪಿದ್ರೆ ಮೂರ್ನಾಲ್ಕು ಸೆಕೆಂಡ್ ಕಾದು ಪದ ಹೇಳಿಕೊಟ್ಟು ಮತ್ತೆ ಸೇರ್ಕೊಳ್ಳಿ. ಯಾವಾಗ ತಟ್ಟಬೇಕು ಅನ್ನೋದು ಪೂರ್ತಿ ಅವಳ ಇಷ್ಟ. ಎಷ್ಟೋ ದಿನ ತಟ್ಟದೇ ಇರಬಹುದು.

ಪುಟದ_ಗುರುತು

ಐದು ವಾರ ಆಯ್ತು, ಹೇಳೋಣ ಅಂತ ಬಂದೆ.

ಕಣ್ಣು ಕಿವಿ ಸರಿ ಇದೆ. ವಿಶೇಷ ಶಿಕ್ಷಕಿ ಎರಡು ಸಲ ನೋಡಿದ್ರು, ಡಿಸ್ಲೆಕ್ಸಿಯಾ ಲಕ್ಷಣ ಇದೆ, ವಾರಕ್ಕೆ ಮೂರು ದಿನ ಬನ್ನಿ ಅಂದಿದಾರೆ. ಕೇಳಿದ ದಿನ ನಾನು ಅತ್ತುಬಿಟ್ಟೆ. ಮಗಳಿಗೆ ಹೇಳಿದಾಗ ಅವಳು ಅಳ್ಲಿಲ್ಲ, "ಅಂದ್ರೆ ನಾನು ಸೋಮಾರಿ ಅಲ್ವಾ?" ಅಂದ್ಲು. ಆ ಪದ ಅವಳಿಗೆ ಯಾರು ಹೇಳಿದ್ರೋ, ನಾನೇ ಯಾವತ್ತಾದ್ರೂ ಅಂದಿದ್ನೋ ಅಂತ ಯೋಚಿಸ್ತಾನೇ ಇದೀನಿ.

ಓತ್ವ ಬಂತು. ಸಜಾತಿ ಒತ್ತು ಅರ್ಧ ಬಂತು. ರಾತ್ರಿ ಒಟ್ಟಿಗೆ ಓದ್ತೀವಿ, ಇಪ್ಪತ್ತೆರಡು ದಿನ ಅವಳು ಕೈ ತಟ್ಲಿಲ್ಲ, ಎಣಿಸ್ತಾ ಇದ್ದೆ. ಇಪ್ಪತ್ಮೂರನೇ ದಿನ ಒಂದು ಸಾಲಿಗೆ ತಟ್ಟಿದ್ಲು, ಆ ಸಾಲು ಮುಗಿದ ತಕ್ಷಣ ಮತ್ತೆ ನನ್ನ ಕೈ ಹಿಡ್ಕೊಂಡ್ಲು, ನೀನು ಬಾ ಅಂತ.

ಈಗ ಚೀಟಿ ಬರೆದು ನನ್ನ ಪುಸ್ತಕದೊಳಗೆ ಇಡ್ತಾಳೆ, ನಾನು ಓದ್ತಿರೋ ಪುಟಕ್ಕೇ ಸರಿಯಾಗಿ. ಮೊನ್ನೆದು "ಅಮಾ ಕರೆದರೆ ಕೇಳು". ಅಮ್ಮದ ಒತ್ತು ಬಿಟ್ಟಿದ್ಲು. ನಿನ್ನೆ ಬಂದು ಪುಸ್ತಕ ತೆಗೆದು ಆ ಚೀಟೀಲಿ ಮ ಕೆಳಗೆ ಒತ್ತು ಹಾಕಿ ಮತ್ತೆ ಅಲ್ಲೇ ಇಟ್ಟು ಹೋದ್ಲು.